ಕೋಪಕ್ಕೆ ಯಾವ ಬಾಲ

ಸಮೋವಾ ದ್ವೀಪದ ಫಲೆಉಲು ಊರಿನವರಿಗೆ ಇಂಗ್ಲಿಷಿನಲ್ಲಿ ಸಿಟ್ಟು ಮಾಡಿಕೊಳ್ಳುವ ಧೈರ್ಯ ಇರಲಿಲ್ಲ. ಕಾರಣ ಲೆಪೇಕಾ ಟೀಚರು. ಯಾರಾದರೂ ಅಂಗಡಿಯ ಮುಂದೆ ನಿಂತು, ಆಪಿಯಾ ಪೇಟೆಯಲ್ಲಿ ಕಲಿತುಬಂದ ನಾಲ್ಕು ಇಂಗ್ಲಿಷ್ ಮಾತಿನಲ್ಲಿ ಇನ್ನೊಬ್ಬನ ಮಾನ ಹರಾಜು ಹಾಕಲು ಹೊರಟರೆ ಸಾಕು, ಎಲ್ಲಿದ್ದಳೋ ಏನೋ, ಕೊಡೆ ಮಡಚುತ್ತ ಬಂದು ಇಬ್ಬರ ನಡುವೆ ನಿಲ್ಲುತ್ತಿದ್ದಳು.

"ಮನುಷ್ಯರ ಮೇಲೆ ಸಿಟ್ಟಾದ್ರೆ ‘ವಿತ್’. ವಿಷಯದ ಮೇಲಾದ್ರೆ ‘ಅಬೌಟ್’. ನಿಂಗೆ ಯಾರ ಮೇಲಪ್ಪಾ ಸಿಟ್ಟು? ಅವನ ಮೇಲೋ, ಅವನ ಹಂದಿ ನಿನ್ನ ಕೆಸುವಿನ ಗಡ್ಡೆ ತಿಂದಿದ್ದಕ್ಕೋ?"

"ಎರಡಕ್ಕೂ, ಟೀಚರಮ್ಮ."

"ಹಾಗಾದ್ರೆ ಎರಡೂ ಬಾಲ ಹಚ್ಚಿ ಮತ್ತೊಂದ್ಸಲ ಹೇಳು."

ಅಷ್ಟು ಹೊತ್ತಿಗೆ ಸಿಟ್ಟು ತಣ್ಣಗಾಗಿ, ಹಂದಿ ಮನೆ ಸೇರಿರುತ್ತಿತ್ತು. ಊರಿನಲ್ಲಿ ಜಗಳ ಕಡಿಮೆಯಾಗಿದೆ ಎಂದು ಪಾದ್ರಿಗಳು ದೇವರಿಗೆ ವಂದನೆ ಹೇಳುತ್ತಿದ್ದರು. ವಂದನೆ ಲೆಪೇಕಾಗೆ ಸಲ್ಲಬೇಕಿತ್ತು.

ಬಾಲ ಎಂಬುದು ಅವಳದೇ ಮಾತು. ನಮ್ಮ ಸಮೋವಾದ ಭಾಷೆಯಲ್ಲಿ ‘ಇ’ ಎಂಬ ಒಂದು ಪುಟ್ಟ ಅಕ್ಷರವಿದೆ. ಸಿಟ್ಟು, ಭಯ, ಹೆಮ್ಮೆ, ಹಿಗ್ಗು, ಯಾವುದೇ ಇರಲಿ, ಅದು ಯಾರ ಮೇಲೆ ಯಾತರ ಮೇಲೆ ಎಂದು ತೋರಿಸಲು ಆ ಒಂದೇ ‘ಇ’ ಸಾಕು. ಮನೆಗೆಲ್ಲ ಒಂದೇ ಮಚ್ಚು ಇದ್ದ ಹಾಗೆ, ತೆಂಗಿನಕಾಯಿಗೂ ಅದೇ, ಕಳೆಗೂ ಅದೇ. ಇಂಗ್ಲಿಷಿನವರದು ಹಾಗಲ್ಲ. ಹೆಮ್ಮೆಗೆ ‘ಆಫ್’, ಬೇಸರಕ್ಕೆ ‘ವಿತ್’, ಬೆರಗಿಗೆ ‘ಅಟ್’, ಉತ್ಸಾಹಕ್ಕೆ ‘ಅಬೌಟ್’. ಯಾಕೆ ಹೀಗೆ ಎಂದು ಕೇಳಿದರೆ ಅವರಿಗೂ ಗೊತ್ತಿಲ್ಲ. ಲೆಪೇಕಾಗೆ ಗೊತ್ತಿತ್ತು ಎಂದಲ್ಲ, ಆದರೆ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಶಾಲೆಯ ಗೋಡೆಯ ಮೇಲೆ ಅವಳು ಬರೆದ ದೊಡ್ಡ ಪಟವೊಂದಿತ್ತು. ಒಂದೊಂದು ಭಾವನೆಯೂ ಒಂದೊಂದು ಪ್ರಾಣಿ. ಹೆಮ್ಮೆ ಹುಂಜ, ಭಯ ನಾಯಿ, ಸಿಟ್ಟು ಎರಡು ಬಾಲದ ಹಂದಿ. ಬಾಲದ ತುದಿಯಲ್ಲಿ ಕೆಂಪು ಬಣ್ಣದಲ್ಲಿ ಆ ಪುಟ್ಟ ಪದ. ಪಾಠದ ಕ್ರಮವೂ ಸರಳವಾಗಿತ್ತು. ಯಾರಾದರೂ ತಪ್ಪು ಬಾಲ ಹಚ್ಚಿದರೆ ಲೆಪೇಕಾ ಬಾಯಿ ತೆರೆಯುತ್ತಿರಲಿಲ್ಲ. ಬಲಗೈಯ ತೋರುಬೆರಳು ಮೇಲೇಳುತ್ತಿತ್ತು, ಅಷ್ಟೇ. ಕೂಡಲೇ ತರಗತಿಯ ಮಕ್ಕಳೆಲ್ಲ ಒಂದೇ ಗಂಟಲಿನಲ್ಲಿ ಸರಿಯಾದ ಬಾಲವನ್ನು ಕೂಗುತ್ತಿದ್ದರು. ಚಾವಣಿಯ ತಗಡು ನಡುಗುತ್ತಿತ್ತು.

ಆ ವರ್ಷ ಶಾಲೆಗೆ ಆಸ್ಟ್ರೇಲಿಯಾದ ಯಾವುದೋ ಸಂಘದವರು ಮಳೆನೀರಿನ ಟ್ಯಾಂಕ್ ಕಟ್ಟಿಸಿಕೊಟ್ಟರು. ಉದ್ಘಾಟನೆಗೆ ಆ ಸಂಘದ ಒಬ್ಬ ಪಾಲಾಂಗಿ ಬಂದ. ಬಿಳಿಯರನ್ನು ನಾವು ಕರೆಯುವುದೇ ಹಾಗೆ. ಸ್ವಾಗತ ಭಾಷಣ ಯಾರದು ಎಂದು ಊರಿನಲ್ಲಿ ಯಾರೂ ಕೇಳಲಿಲ್ಲ, ಸೂರ್ಯ ಯಾವ ಕಡೆ ಹುಟ್ಟುತ್ತಾನೆ ಎಂದು ಕೇಳಿದ ಹಾಗಾಗುತ್ತಿತ್ತು. ಮುದುಕರಾದ ಲೌಟೋಲೋ ಇದ್ದರಲ್ಲ. ಊರಿನ ಪರವಾಗಿ ಮಾತಾಡುವ ಹಕ್ಕು ಅವರ ಮನೆತನದ್ದು. ಅವರು ಕೋಲೂರಿ, ನಾರಿನ ಚಾಮರವನ್ನು ಹೆಗಲ ಮೇಲೆ ಬೀಸಿ, ಊರಿನ ಒಂದೊಂದು ಮನೆತನದ ಬಿರುದನ್ನೂ ಒಂದೊಂದಾಗಿ ಕರೆಯುತ್ತ ಮಾತಿಗೆ ತೊಡಗಿದರೆ, ಬೇರೆ ಊರಿನ ಹಿರಿಯರು ತಂದಿದ್ದ ಜಗಳವನ್ನು ಮರೆತು ಕೇಳುತ್ತಿದ್ದರು. ಲೆಪೇಕಾಳ ಮದುವೆಯಲ್ಲಿ ಮಾತಾಡಿದವರೂ ಅವರೇ. ಅವಳ ತಾಯಿ ಸತ್ತಾಗ ಅವರ ಮಾತು ಕೇಳಿ ಅವಳಿಗೆ ಅಳು ಬಂದಿತ್ತು. ಅಲ್ಲಿಯವರೆಗೆ ಕಣ್ಣೀರೇ ಬಂದಿರಲಿಲ್ಲ.

ಅಂದು ಮುದುಕರಿಗೆ ಏನು ಹೊಳೆಯಿತೋ, ಅತಿಥಿಗೆ ಅವನದೇ ಭಾಷೆಯಲ್ಲಿ ಗೌರವ ಕೊಡಬೇಕೆಂದು ಇಂಗ್ಲಿಷಿನಲ್ಲಿ ಶುರು ಮಾಡಿದರು. ದಿನಗಟ್ಟಲೆ ಕಡಲ ದಂಡೆಯಲ್ಲಿ ಏಡಿಗಳಿಗೆ ಭಾಷಣ ಕೇಳಿಸಿ ಅಭ್ಯಾಸ ಮಾಡಿದ್ದರಂತೆ. ಏಡಿಗಳು ಆಕ್ಷೇಪಿಸಿರಲಿಲ್ಲ.

"ವಿ ಆರ್ ಪ್ರೌಡ್ ವಿತ್ ದಿಸ್ ಟ್ಯಾಂಕ್," ಎಂದರು ಲೌಟೋಲೋ.

ಮಕ್ಕಳ ಸಾಲಿನ ಪಕ್ಕದಲ್ಲಿ ಕೂತಿದ್ದ ಲೆಪೇಕಾಳ ಬೆರಳು ತಾನೇ ಎದ್ದಿತು. ಹುಟ್ಟುಗುಣ ಸುಟ್ಟರೂ ಹೋಗದು.

"ಆಫ್!" ಎಂದು ಮಕ್ಕಳು ಕಿರುಚಿದರು.

ಲೌಟೋಲೋ ಒಂದು ಕ್ಷಣ ನಿಂತರು. ಮಕ್ಕಳು ಸಂತೋಷಕ್ಕೆ ಕೂಗುತ್ತಿದ್ದಾರೆ ಎಂದುಕೊಂಡು ಮುಂದುವರಿದರು. "ವಿ ಆರ್ ಪ್ಲೀಸ್ಡ್ ಫ್ರಮ್ ಯು."

"ವಿತ್!"

ಪಾಲಾಂಗಿಗೆ ಇದು ಸಮೋವಾದ ಸಾಂಪ್ರದಾಯಿಕ ಸ್ವಾಗತ ಘೋಷವೆಂದು ತೋರಿತು. ಹಲ್ಲು ಕಿರಿದು ಚಪ್ಪಾಳೆ ತಟ್ಟಿದ. ಮುದುಕರ ಹಣೆಯಲ್ಲಿ ಬೆವರು ಕಿತ್ತುಕೊಂಡಿತು. ಇನ್ನು ನಾವು ಬರಗಾಲಕ್ಕೆ ಹೆದರುವುದಿಲ್ಲ ಎಂದು ಹೇಳಲು ಹೊರಟರು, ಅಲ್ಲಿಯೂ ಬಾಲ ತಪ್ಪಿತು. ಈ ಸಲ ಮಕ್ಕಳ ಜೊತೆ ಪಾಲಾಂಗಿಯೂ ಕೈ ಎತ್ತಿ ಉತ್ಸಾಹದಿಂದ "ಆಫ್!" ಎಂದು ಕೂಗಿದ.

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಲೌಟೋಲೋ ಸುತ್ತ ನೋಡಿದರು. ಬೆರಳು ಕಂಡಿತು. ಅದು ಇನ್ನೂ ಮೇಲೆಯೇ ಇತ್ತು. ಅವರು ಚಾಮರವನ್ನು ಹೆಗಲಿನಿಂದ ಇಳಿಸಿ, ಕೋಲನ್ನು ನೆಲಕ್ಕೆ ಮಲಗಿಸಿ, ಭಾಷಣವನ್ನು ಅಲ್ಲಿಗೇ ಬಿಟ್ಟು ತೆಂಗಿನ ಮರಗಳ ನಡುವೆ ಮನೆಯ ಕಡೆ ನಡೆದುಬಿಟ್ಟರು. ಊರಿನ ಮಾತುಗಾರ ನಡುಮಾತಿನಲ್ಲಿ ಕೋಲು ಕೆಳಗಿಟ್ಟದ್ದನ್ನು ಯಾರೂ ಕಂಡಿರಲಿಲ್ಲ.

ಪಾಲಾಂಗಿ ಎದ್ದು ತನ್ನ ಭಾಷಣ ಮಾಡಿದ. ಈ ಟ್ಯಾಂಕಿನ ಬಗ್ಗೆ ತನಗೆ ತುಂಬ ಉತ್ಸಾಹವಿದೆ ಎಂದ. ಆದರೆ ಲೆಪೇಕಾಳ ಪಟದ ಪ್ರಕಾರ ಉತ್ಸಾಹಕ್ಕೆ ಇರಬೇಕಾದ ‘ಅಬೌಟ್’ ಬಿಟ್ಟು ‘ಫಾರ್’ ಹಚ್ಚಿದ. ಲೆಪೇಕಾಗೆ ಕೇಳಿಸಿತು. ಅವಳ ಬೆರಳು ಮಡಿಲಿನಲ್ಲೇ ಇತ್ತು. ಮುಗುಳ್ನಕ್ಕು ತಲೆಯಾಡಿಸಿದಳು.

ಅಂದಿನಿಂದ ಲೌಟೋಲೋ ಮಾತಾಡಲಿಲ್ಲ. ಇಂಗ್ಲಿಷ್ ಮಾತ್ರವಲ್ಲ, ಯಾವ ಭಾಷೆಯನ್ನೂ. ಹೆಂಡತಿಗೆ ಉಪ್ಪು ಬೇಕೆಂದು ಹೇಳುವುದಕ್ಕೂ ಕೈಸನ್ನೆ. ಅದೇ ವಾರ ಊರಿನಲ್ಲೊಂದು ಸಾವಾಯಿತು. ಪಕ್ಕದೂರಿನವರು ಕಾಣಿಕೆಯ ಚಾಪೆ ಹೊತ್ತು ದುಃಖ ಹಂಚಿಕೊಳ್ಳಲು ಬಂದರೆ, ಎದುರುಗೊಂಡು ಮಾತಾಡಲು ಜನವಿಲ್ಲ. ಒಬ್ಬ ಎಳೆಯ ಮುಖಂಡನನ್ನು ನೂಕಿ ನಿಲ್ಲಿಸಿದರು. ಅವನು ಬಂದವರ ಬಿರುದುಗಳನ್ನು ಅದಲುಬದಲು ಮಾಡಿ, ಸತ್ತವರ ಹೆಸರನ್ನೇ ಮರೆತು, ಕೊನೆಗೆ ಪ್ರಾರ್ಥನೆ ಹೇಳಿ ಕೂತ. ಬಂದವರು ದಾರಿಯುದ್ದಕ್ಕೂ ನಗುತ್ತ ಹೋದರು. ಊರಿನ ಮೂಗು ಕೊಯ್ದ ಹಾಗಾಯಿತು.

ಊರ ಸಭೆ ಸೇರಿತು. ತೀರ್ಮಾನ ಚಿಕ್ಕದಾಗಿತ್ತು. ಮುಂದಿನ ಭಾನುವಾರದೊಳಗೆ ಲೌಟೋಲೋ ಅವರಿಂದ ಕ್ಷಮೆ ಸಿಕ್ಕರೆ ಸರಿ. ಇಲ್ಲದಿದ್ದರೆ ಲೆಪೇಕಾ ಮತ್ತು ಅವಳ ಮನೆಯವರು ಊರು ಬಿಡಬೇಕು. ಶಾಲೆಯನ್ನೂ.

ಲೆಪೇಕಾಳ ಗಂಡ ಮಾಲಾಕಿ ಆಪಿಯಾಕ್ಕೆ ಹೋಗುವ ಮರದ ಬಸ್ಸಿನ ಚಾಲಕ. ಸುದ್ದಿ ಕೇಳಿ ಅಂಗಳದಲ್ಲಿ ಕೂತು ಬೇಯಿಸಿದ ದೀವಿಹಲಸನ್ನು ಮುರಿದು ತಿನ್ನುತ್ತಿದ್ದ. ಎದುರಿಗೇ ಅವನ ಅತ್ತೆಯ ಗೋರಿ, ಬಿಳಿ ಸುಣ್ಣ ಬಳಿದದ್ದು, ಲೆಪೇಕಾ ದಿನಾ ಸಂಜೆ ಗುಡಿಸುವ ಗೋರಿ.

"ಪಾತ್ರೆ ಪಗಡ ಬಸ್ಸಿಗೆ ಹಾಕ್ಕೊಂಡು ಹೋಗೋದೇನು ಕಷ್ಟ ಇಲ್ಲ ಬಿಡು," ಎಂದ. "ನಿಮ್ಮಮ್ಮನ್ನ ಹೆಂಗೆ ಹತ್ತಿಸ್ಲಿ?"

"ನಾನೇನ್ ಮಾಡಿದೀನಿ? ಒಂದು ಮಾತಾದ್ರೂ ಆಡಿದೀನಾ? ಕೂಗಿದ್ದು ಮಕ್ಕಳು."

"ಹೂಂ. ಬೆರಳು ಯಾರದ್ದೋ ಪಕ್ಕದ್ಮನೇದು."

"ತಪ್ಪನ್ನ ತಪ್ಪು ಅನ್ನಬಾರ್ದಾ?"

"ಅನ್ನು. ಬಸ್ಸಲ್ಲಿ ಕೂತ್ಕೊಂಡು ಅನ್ನು. ಆಪಿಯಾ ತನಕ ಬೇಕಾದಷ್ಟು ಟೈಮಿರುತ್ತೆ."

ಮರುದಿನ ಲೆಪೇಕಾ ಕೆಸುವಿನೆಲೆಯಲ್ಲಿ ತೆಂಗಿನ ಹಾಲು ಕಟ್ಟಿ ಬೇಯಿಸಿದ್ದನ್ನೂ ಡಬ್ಬಿ ಮಾಂಸವನ್ನೂ ಬುಟ್ಟಿಯಲ್ಲಿಟ್ಟುಕೊಂಡು ಲೌಟೋಲೋ ಮನೆಗೆ ಹೋದಳು. ಗೋಡೆಯಿಲ್ಲದ ಮನೆ, ದಾರಿಯಿಂದಲೇ ಎಲ್ಲ ಕಾಣುತ್ತಿತ್ತು. ಮುದುಕರು ಕಂಬಕ್ಕೆ ಒರಗಿ, ಕಡಲ ಕಡೆ ಮುಖ ಮಾಡಿ, ತೊಡೆಯ ಮೇಲೆ ತೆಂಗಿನ ನಾರು ಹೊಸೆಯುತ್ತಿದ್ದರು. ತಿರುಗಿ ನೋಡಲಿಲ್ಲ. ಅವರ ಹೆಂಡತಿ ಫುವಾಟಿನೋ ಚಾಪೆ ಹಾಸಿದಳು. ಲೆಪೇಕಾ ಕೂತಳು.

"ಯಜಮಾನ್ರೇ, ನಡೆದದ್ದು ನಡೀಬಾರ್ದಿತ್ತು," ಎಂದು ಅವರ ಬೆನ್ನಿಗೆ ಹೇಳಿದಳು. "ನಂಗೆ ತುಂಬ ಬೇಜಾರಾಗಿದೆ. ಆದ್ರೆ ಒಂದ್ಮಾತು. ನೀವು ಮೊದ್ಲೇ ನನ್ ಹತ್ರ ಬಂದಿದ್ರೆ ಐದು ನಿಮಿಷದ ಕೆಲ್ಸ. ಹೆಮ್ಮೆಗೆ ಬರೋ ಬಾಲ ಒಂದೇ, ಅದೇನ್ ದೊಡ್ಡ ವಿಷ್ಯ ಅಲ್ಲ—"

ನಾರು ಹೊಸೆಯುವ ಕೈ ನಿಂತಿತು. ಮತ್ತೆ ಶುರುವಾಯಿತು.

"ಟೀಚರಮ್ಮ, ಇದು ಕ್ಷಮೆ ಕೇಳೋದಾ, ಪಾಠ ಮಾಡೋದಾ?" ಎಂದಳು ಫುವಾಟಿನೋ.

"ಅಯ್ಯೋ, ಹಾಗಲ್ಲಮ್ಮ. ಎಲ್ರೂ ತಪ್ತಾರೆ ಅಂತ ಹೇಳ್ತಿದ್ದೆ. ಅವತ್ತು ಆ ಪಾಲಾಂಗೀನೂ ತಪ್ಪಿದ, ಗೊತ್ತಾ? ಹುಟ್ಟಿದಾಗಿಂದ ಇಂಗ್ಲಿಷೇ ಮಾತಾಡೋ ಮನುಷ್ಯ. ಉತ್ಸಾಹಕ್ಕೆ ತಪ್ಪು ಬಾಲ ಹಚ್ಚಿದ. ನಾನು ಆಗ್ಲೇ ಗಮನಿಸ್ದೆ."

ಸಮಾಧಾನ ಹೇಳಿದೆನೆಂದು ಲೆಪೇಕಾ ಅಂದುಕೊಂಡಳು. ಫುವಾಟಿನೋ ಬೀಸಣಿಗೆ ಬೀಸುವುದನ್ನು ನಿಲ್ಲಿಸಿದಳು.

"ಗಮನಿಸಿದ್ರಾ?"

"ಗಮನಿಸ್ದೇ ಇರ್ತೀನಾ?"

"ಮತ್ತೆ ಅವನಿಗ್ಯಾಕೆ ಬೆರಳು ತೋರಿಸ್ಲಿಲ್ಲ?"

ಲೆಪೇಕಾ ಬಾಯಿ ತೆರೆದಳು. ಅತಿಥಿ, ಎಂದು ಹೇಳಬೇಕೆಂದುಕೊಂಡಳು. ದೂರದಿಂದ ಬಂದವನು, ಎಂದು ಹೇಳಬೇಕೆಂದುಕೊಂಡಳು. ಯಾವುದೂ ಹಲ್ಲಿನಿಂದ ಆಚೆಗೆ ಬರಲಿಲ್ಲ. ಬಿಳಿಯನ ತಪ್ಪು ತಪ್ಪಲ್ಲ, ತನ್ನ ಮದುವೆಗೆ ಹರಸಿದ ಮುದುಕರ ತಪ್ಪು ಮಾತ್ರ ತಪ್ಪು, ಅವಳು ಮಾಡಿದ್ದರ ಅರ್ಥ ಇಷ್ಟೇ. ಅದನ್ನು ಮುದುಕರು ಆ ಕ್ಷಣವೇ ಓದಿಕೊಂಡಿದ್ದರೋ ಇಲ್ಲವೋ, ಈಗಂತೂ ಅವಳೇ ಬುಟ್ಟಿಯಲ್ಲಿ ಹೊತ್ತು ತಂದು ಅವರ ಮುಂದೆ ಬಡಿಸಿದ್ದಳು. ಲೌಟೋಲೋ ನಾರಿನ ಹುರಿಯನ್ನು ಮಡಿಲಿಂದ ತೆಗೆದಿಟ್ಟು, ಎದ್ದು, ಒಳಪರದೆಯ ಹಿಂದೆ ಹೋದರು.

"ಬುಟ್ಟಿ ತಗೊಂಡ್ಹೋಗಿ ಟೀಚರಮ್ಮ," ಎಂದಳು ಫುವಾಟಿನೋ. ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಹೆಚ್ಚು ನೋವಾಯಿತು.

ಮನೆಗೆ ಬಂದು ಎಲ್ಲವನ್ನೂ ಹೇಳಿದಳು. ಮಾಲಾಕಿ ಬಸ್ಸಿನ ಕೆಳಗೆ ಮಲಗಿ ಏನೋ ಬಿಗಿ ಮಾಡುತ್ತಿದ್ದ. ಕಾಲು ಮಾತ್ರ ಕಾಣುತ್ತಿತ್ತು.

"ಇಫೋಂಗಾ ಮಾಡ್ಬೇಕು," ಎಂದಿತು ಬಸ್ಸಿನ ಕೆಳಗಿನ ದನಿ.

ತಪ್ಪು ಮಾಡಿದವರು ಮನೆಯ ಅತ್ಯಂತ ಬೆಲೆಬಾಳುವ ನವಿರು ಚಾಪೆಯನ್ನು ತಲೆಯ ಮೇಲೆ ಹೊದ್ದು, ನೊಂದವರ ಮನೆಯ ಮುಂದೆ ಬೆಳಗಿನಿಂದ ತಲೆ ಬಗ್ಗಿಸಿ ಮಂಡಿಯೂರಿ ಕೂರುವುದು ಇಫೋಂಗಾ. ಮನೆಯವರು ಬಂದು ಚಾಪೆ ಎತ್ತಿ, ಮಾತಿನಲ್ಲಿ ಮನ್ನಿಸಿದರೆ ತಪ್ಪು ಮುಗಿಯಿತು. ಎತ್ತದಿದ್ದರೆ ಇಲ್ಲ. ಹಿಂದೆಲ್ಲ ಚಾಪೆ ಎತ್ತುವ ಬದಲು ಕೊಡಲಿ ಎತ್ತಿದ್ದೂ ಉಂಟು ಎನ್ನುತ್ತಾರೆ.

"ನಿಂಗೆ ತಲೆ ಕೆಟ್ಟಿದ್ಯಾ? ಅದು ಕೊಲೆ ಮಾಡಿದವ್ರು ಮಾಡೋದು!" ಎಂದಳು ಲೆಪೇಕಾ.

ಮಾಲಾಕಿ ಹೊರಗೆ ತೆವಳಿ ಬಂದು ಕೂತ. ಮುಖದ ತುಂಬ ಮಸಿ. "ಆ ಮುದುಕ್ರು ಬದುಕಿದಾರೆ ಅಂತೀಯಾ?"

ಅವಳು ಒಳಗಿನಿಂದ ಪೆನ್ನು ಕಾಗದ ತಂದಳು. "ಸರಿ, ಏನ್ ಹೇಳ್ಬೇಕು ಅಂತ ಬರ್ಕೊತೀನಿ," ಎಂದಳು.

"ಚಾಪೆ ಕೆಳಗೆ ಮಾತಿಲ್ಲ ಕಣೇ. ಒಂದಕ್ಷರಾನೂ ಇಲ್ಲ. ಮೂಗಿ ಥರ ಕೂರ್ಬೇಕು."

"ನಾನು?"

"ಅದೇ ನಂಗೂ ಯೋಚ್ನೆ."

ಶುಕ್ರವಾರ ಬೆಳಕು ಹರಿಯುವ ಮುಂಚೆ ಇಬ್ಬರೂ ಲೌಟೋಲೋ ಅಂಗಳದಲ್ಲಿ ಮಂಡಿಯೂರಿ ಕೂತರು. ಲೆಪೇಕಾಳ ಅಜ್ಜಿ ನೇಯ್ದ ಚಾಪೆ, ರೇಷ್ಮೆಯಷ್ಟು ನಯ, ಅಂಚಿಗೆ ಕೆಂಪು ಗರಿ. ಅದನ್ನು ತಲೆಯಿಂದ ನೆಲದವರೆಗೆ ಹೊದ್ದರು. ಕೋಳಿ ಕೂಗಿತು. ಮನೆಯೊಳಗೆ ಯಾರೋ ಎದ್ದರು, ಒಲೆ ಹೊತ್ತಿತು, ಕೋಕೋ ಕುದಿಯುವ ವಾಸನೆ ಬಂತು. ಹೆಜ್ಜೆಗಳು ಅಂಗಳದ ಅಂಚಿಗೆ ಬಂದು ನಿಂತು ಹಿಂದೆ ಹೋದವು. ಚಾಪೆ ಎತ್ತಲಿಲ್ಲ.

ಬಿಸಿಲೇರಿತು. ಟೀಚರ್ ಇಲ್ಲದ ಮೇಲೆ ಶಾಲೆ ಎಲ್ಲಿಯದು, ಮಕ್ಕಳೆಲ್ಲ ಅಲ್ಲಿಗೇ ಬಂದರು. ಅವರ ಹಿಂದೆ ಊರು ಬಂತು. ಬೇಲಿಯ ಪಕ್ಕದಲ್ಲಿ ಪಿಸುಪಿಸು.

"ಎಷ್ಟೊತ್ತಾಯ್ತೋ ಕೂತು?"

"ಟೀಚರಮ್ಮ ಇಷ್ಟೊತ್ತು ಬಾಯ್ಮುಚ್ಕೊಂಡಿದ್ದು ಇದೇ ಮೊದ್ಲು. ಜೀವ ಇದ್ಯೋ ಇಲ್ವೋ ನೋಡ್ರಪ್ಪ."

ಜೀವವಿತ್ತು. ಮಂಡಿ ಉರಿಯುತ್ತಿತ್ತು. ಮೊದಮೊದಲು ಅವಳು ತಲೆಯೊಳಗೆ ವಾಕ್ಯ ಕಟ್ಟುತ್ತಿದ್ದಳು. ಕ್ಷಮಿಸಿ ಎನ್ನಲು ಇಂಗ್ಲಿಷಿನಲ್ಲಿ ಎರಡು ಬಾಲ, ಮಾಡಿದ ಕೆಲಸಕ್ಕೆ ಒಂದು, ಆದ ಘಟನೆಗೆ ಒಂದು. ತನ್ನದು ಯಾವುದು? ಬೆರಳು ಎತ್ತಿದ್ದು ಕೆಲಸವೋ, ಬೆರಳು ಎದ್ದದ್ದು ಘಟನೆಯೋ? ಈ ಲೆಕ್ಕ ಬಹಳ ಹೊತ್ತು ನಡೆಯಿತು. ಆಮೇಲೆ ಬೆವರು ಕಣ್ಣಿಗಿಳಿಯಿತು, ಲೆಕ್ಕ ತಪ್ಪಿತು. ಅಂದು ಲೌಟೋಲೋ ಅವರ ಹೆಗಲಿನಿಂದ ಚಾಮರ ಇಳಿದದ್ದು ಕಣ್ಣ ಮುಂದೆ ಬಂತು. ಕೋಲನ್ನು ನೆಲಕ್ಕೆ ಮಲಗಿಸಿ ಬರಿಗೈಯಾದ ಮುದುಕರನ್ನು ಅವಳು ಅಂದೇ ನೋಡಿದ್ದಳು, ನೋಡಿಯೂ ಪಾಲಾಂಗಿಯ ಕಡೆ ತಿರುಗಿ ನಕ್ಕಿದ್ದಳು. ತಾಯಿ ಸತ್ತ ದಿನ ತನಗೆ ಅಳು ಕೊಟ್ಟ ಬಾಯಿಗೆ ತಾನೇ ಬೀಗ ಹಾಕಿದ್ದಳು. ಅವಳಿಗೆ ನಾಚಿಕೆಯಾಯಿತು. ಯಾವುದರಿಂದ, ಯಾತಕ್ಕೆ, ಯಾರೆದುರು ಎಂದು ಹುಡುಕಲು ಹೋಗಲಿಲ್ಲ. ಬರಿಯ ನಾಚಿಕೆ, ತಲೆ ಎತ್ತಲಾಗದಷ್ಟು.

ನೆತ್ತಿಗೆ ಬಿಸಿಲು ಬಂದಾಗ ಹೆಜ್ಜೆಗಳು ಮತ್ತೆ ಬಂದವು. ಈ ಸಲ ಹಿಂದೆ ಹೋಗಲಿಲ್ಲ. ಕೋಲಿನ ತುದಿ ಚಾಪೆಯ ಪಕ್ಕದಲ್ಲಿ ನೆಲಕ್ಕೆ ತಾಗಿತು. ಚಾಪೆ ಮೇಲೆದ್ದಿತು.

ಬೆಳಕಿಗೆ ಕಣ್ಣು ಕುಕ್ಕಿತು. ಲೌಟೋಲೋ ನಿಂತಿದ್ದರು. ಅಂಚು ಅವರ ಕೈಯಲ್ಲಿತ್ತು, ಚಾಮರ ಹೆಗಲ ಮೇಲಿತ್ತು. ಊರೆಲ್ಲ ಉಸಿರು ಬಿಟ್ಟಿತು. ಊರು ಬಿಡುವುದು ತಪ್ಪಿತು. ಇನ್ನು ಅವರು ನಾಲ್ಕು ಮಾತಾಡಿ ಮನ್ನಿಸಿದರೆ ಮುಗಿಯಿತು.

ಮುದುಕರು ಬಾಯಿ ತೆರೆದರು. ಮಾತು ಬರಲಿಲ್ಲ.

ಅಷ್ಟೆಲ್ಲ ಬಿರುದುಗಳನ್ನು ನಿದ್ದೆಯಲ್ಲೂ ಹೇಳಬಲ್ಲ ಮನುಷ್ಯ ಮೊದಲನೆಯದಕ್ಕೇ ನಿಂತುಬಿಟ್ಟರು. ಬೇಲಿಯ ಹತ್ತಿರ ಜನ ಒಬ್ಬರ ಮುಖ ಒಬ್ಬರು ನೋಡಿದರು. ಮಕ್ಕಳು ಟೀಚರನ್ನು ನೋಡಿದರು. ಲೌಟೋಲೋ ಅವರ ಕಣ್ಣೂ ಲೆಪೇಕಾಳ ಮೇಲೆಯೇ ಇತ್ತು. ಆ ಕಣ್ಣಿನಲ್ಲಿ ಸಿಟ್ಟಿರಲಿಲ್ಲ, ಭಯವಿತ್ತು. ಬೆತ್ತ ಹಿಡಿದ ಟೀಚರ ಎದುರು ಪದ್ಯ ಮರೆತ ಮಗುವಿನ ಭಯ. ಅದನ್ನು ಅವಳು ಎಷ್ಟೋ ಮುಖಗಳ ಮೇಲೆ ಕಂಡಿದ್ದಳು, ಒಮ್ಮೆಯೂ ನಿಂತು ನೋಡಿರಲಿಲ್ಲ.

ಮೊದಲ ಬಿರುದು ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಒಂದು ಪದ ಎತ್ತಿಕೊಟ್ಟರೆ ಮುದುಕರು ಮುಂದೆ ಹೋಗುತ್ತಿದ್ದರು. ಮತ್ತೆ ಆಯುಷ್ಯವಿಡೀ, ಟೀಚರಮ್ಮ ಹೇಳಿಕೊಟ್ಟಳು ಎಂದು ಊರು ಆಡಿಕೊಳ್ಳುತ್ತಿತ್ತು.

ಲೆಪೇಕಾ ತಲೆ ಬಗ್ಗಿಸಿದಳು. ಎರಡೂ ಕೈ ಚಾಚಿ, ಮುದುಕರ ಬೆರಳುಗಳಿಂದ ಚಾಪೆಯ ಅಂಚನ್ನು ಮೆಲ್ಲಗೆ ಬಿಡಿಸಿಕೊಂಡು, ಮತ್ತೆ ಇಬ್ಬರ ತಲೆಯ ಮೇಲೆ ಎಳೆದುಕೊಂಡಳು.

"ಏ! ಎತ್ತಿದ ಚಾಪೆ ಮತ್ತೆ ಹೊದ್ಕೊಂಡ್ಳಲ್ರೋ!" ಎಂದು ಯಾರೋ ಕೂಗಿದರು. "ಕೊಟ್ಟ ಕ್ಷಮೆ ಬೇಡ ಅಂತಾಳೇನು?"

"ಹಿಂಗೆಲ್ಲ ಮಾಡಿದ್ರೆ ಎತ್ತಿದ್ದು ಲೆಕ್ಕಕ್ಕಿಲ್ಲ," ಎಂದರು ಊರ ಸಭೆಯ ಹಿರಿಯರೊಬ್ಬರು. "ಮೊದ್ಲಿಂದ ಕೂರ್ಬೇಕು. ಅವ್ರು ಮತ್ತೆ ಎತ್ತಿದ್ರೆ ಉಂಟು, ಇಲ್ದಿದ್ರೆ ಇಲ್ಲ."

"ಏನೇ ಮಾಡ್ತಿದೀಯ?" ಎಂದು ಮಾಲಾಕಿ ಕತ್ತಲೆಯಲ್ಲಿ ಗಾಬರಿಯಿಂದ ಪಿಸುಗುಟ್ಟಿದ. ಅವಳು ಅವನ ಕೈ ಹಿಡಿದು ಅದುಮಿದಳು.

ಹೊರಗೆ ಏನೂ ಕೇಳಿಸಲಿಲ್ಲ. ಗಾಳಿಗೆ ತೆಂಗಿನ ಗರಿ ಆಡುವ ಸದ್ದು. ಮಗುವೊಂದು ಸೀನಿತು. ಹೋಗಿಬಿಟ್ಟರೇನೋ ಎಂದು ಅವಳು ಕಿವಿಗೊಟ್ಟಳು. ಹೋದರೆ ಭಾನುವಾರ ಬಸ್ಸು ಹತ್ತಬೇಕು, ಗೋರಿ ಗುಡಿಸುವವರು ಇರುವುದಿಲ್ಲ. ಆದರೂ ತಲೆ ಎತ್ತಲಿಲ್ಲ. ಮುದುಕರ ಬಾಯಿಯನ್ನು ನೋಡುವ ಕಣ್ಣು ಒಂದಾದರೂ ಕಡಿಮೆಯಿರಲಿ.

ಕೋಲು ಒಮ್ಮೆ ನೆಲಕ್ಕೆ ಬಡಿಯಿತು. ಯಾರೋ ಕೆಮ್ಮಿ ಗಂಟಲು ಸರಿಮಾಡಿಕೊಂಡರು. ಬಹಳ ಸಣ್ಣ, ತುಕ್ಕು ಹಿಡಿದ ದನಿಯಲ್ಲಿ ಊರಿನ ಮೊದಲ ಮನೆತನದ ಬಿರುದು ಕೇಳಿಸಿತು. ತಡೆದು, ಎರಡನೆಯದು. ಮೂರನೆಯದನ್ನು ಬಿಟ್ಟು ನಾಲ್ಕನೆಯದಕ್ಕೆ ಹೋದರು, ತಾವೇ ನಿಂತರು, ಹಿಂದಿರುಗಿ ಬಂದು ಬಿಟ್ಟದ್ದನ್ನು ಕರೆದರು. ಯಾರೂ ನಗಲಿಲ್ಲ. ದನಿ ಏರತೊಡಗಿತು. ಪೂರ್ವಜರು ಬಂದರು, ಅವರ ದೋಣಿಗಳು ಬಂದವು, ದೋಣಿಗಳನ್ನು ನಡೆಸಿದ ಗಾಳಿ ಬಂತು. ನಾಲ್ಕು ಮಾತಿನಲ್ಲಿ ಮುಗಿಯಬೇಕಾದ ಕ್ಷಮೆ ಮಧ್ಯಾಹ್ನದ ಊಟದ ಹೊತ್ತನ್ನು ದಾಟಿತು. ಚಾಪೆಯ ಕೆಳಗೆ ಬೇಯುತ್ತಿದ್ದ ಮಾಲಾಕಿ "ಮುದುಕ್ರು ಬೇಕಂತ್ಲೇ ಎಳೀತಿದಾರೆ ಕಣೇ" ಎಂದು ಗೊಣಗಿದ. ಅವನ ಪಕ್ಕದಲ್ಲಿ ಲೆಪೇಕಾ ಹಣೆಯನ್ನು ನೆಲಕ್ಕೆ ಊರಿ, ಭಾಷಣ ಮುಗಿದು ಅವರೇ ಬಂದು ಎತ್ತುವವರೆಗೂ, ಅಳುತ್ತಾ ಕೇಳುತ್ತಿದ್ದಳು.